ಮಾದರಿ ರೈಲಿನ ವ್ಯಾಗನ್‌ಗೆ ತುಕ್ಕು ಹಿಡಿಸುವುದು ಹೇಗೆ?

ಒಂದು ಡಬ್ಬಿ ಕಿತ್ತಳೆ ಬಣ್ಣ, ಒಂದು ಚೂರು ಸ್ಪಂಜು, ಹತ್ತು ನಿಮಿಷ. ಮಾದರಿ ವ್ಯಾಗನ್‌ಗಳು ಕೆಡುವುದು ಸಾಮಾನ್ಯವಾಗಿ ಹೀಗೆಯೇ. ಮೈತುಂಬ ಒಂದೇ ಬಣ್ಣದ ಚುಕ್ಕೆ ಬಿದ್ದರೆ ವ್ಯಾಗನ್‌ಗೆ ತುಕ್ಕು ಹಿಡಿದಂತೆ ಕಾಣುವುದಿಲ್ಲ, ಅಮ್ಮ ಎದ್ದಂತೆ ಕಾಣುತ್ತದೆ. ತುಕ್ಕು ನೀರು ನಿಂತ ಕಡೆ ಹುಟ್ಟುತ್ತದೆ, ನೀರು ಇಳಿದ ಕಡೆಗೆ ಇಳಿಯುತ್ತದೆ. ಆ ದಾರಿ ಕಣ್ಣಿಗೆ ಸಿಗುವವರೆಗೆ ಕುಂಚ ಮುಟ್ಟಬಾರದು.

ಮೈಸೂರಿನ ಕೆಆರ್‌ಎಸ್ ರಸ್ತೆಯ ರೈಲು ವಸ್ತುಸಂಗ್ರಹಾಲಯದಲ್ಲಿ ಗಾಡಿಗಳ ಕೀಲು, ರಿವೆಟ್ಟು, ಚೌಕಟ್ಟು ಹೇಗಿವೆ ಎಂದು ಚೆನ್ನಾಗಿ ಕಲಿಯಬಹುದು. ತುಕ್ಕು ಕಲಿಯಲು ಅದು ಜಾಗವಲ್ಲ, ಅಲ್ಲಿನವು ಬಣ್ಣ ಬಳಿದು ಜೋಪಾನ ಮಾಡಿದ ಗಾಡಿಗಳು. ಅದಕ್ಕೆ ಮಂಡ್ಯದ ಕಡೆ ಯಾವುದಾದರೂ ಹಳೆಯ ಆಲೆಮನೆಯ ತಗಡಿನ ಸೂರನ್ನು ಹತ್ತಿರದಿಂದ ನೋಡಿ. ಮೊಳೆ ಹೊಡೆದ ತೂತಿನ ಸುತ್ತ ಕಪ್ಪುಗಂದು, ಹಳೇ ಹುಣಸೆಹಣ್ಣಿನ ಬಣ್ಣ. ಅದರ ಅಂಚಿನಲ್ಲಿ ಕೆಂಗಂದು. ಅದರಾಚೆ ಕೂದಲೆಳೆಯಷ್ಟು ಹೊಸ ಬೆಲ್ಲದ ಬಣ್ಣ. ಅಲ್ಲಿಂದ ಕೆಳಕ್ಕೆ, ಇಳಿಯುತ್ತಾ ಇಳಿಯುತ್ತಾ ತೆಳುವಾಗಿ ಮಾಯವಾಗುವ ಒಂದು ಗೆರೆ. ವ್ಯಾಗನ್ ಮೇಲೆ ಮಾಡಬೇಕಾದದ್ದೂ ಇಷ್ಟೇ. ಹಳೆಯ ತುಕ್ಕು ಕಪ್ಪಗೆ ನಡುವೆ, ಹೊಸದು ತಿಳಿಯಾಗಿ ಅಂಚಿಗೆ.

ಯಾವ ವ್ಯಾಗನ್ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಕಲ್ಲಿದ್ದಲು ಹೊರುವ ಹಳೆಯ ಬಾಕ್ಸ್‌ಎನ್ ತೆರೆದ ವ್ಯಾಗನ್ ಒಳಗೂ ಹೊರಗೂ ತುಕ್ಕು ತಿನ್ನುತ್ತದೆ, ಕಲಿಯಲು ಅದೇ ಸರಿ. ಅದರ ಹೊಸ ಬಗೆಯಾದ ಬಾಕ್ಸ್‌ಎನ್‌ಎಚ್‌ಎಲ್‌ನ ಮೈ ಸ್ಟೇನ್‌ಲೆಸ್ ಸ್ಟೀಲು. ಅದಕ್ಕೆ ಬಾಕ್ಸ್‌ಎನ್‌ನಷ್ಟೇ ತುಕ್ಕು ಬಳಿದರೆ ರೈಲು ಬಲ್ಲವರು ನೋಡಿದೊಡನೆ ತಪ್ಪು ಹಿಡಿಯುತ್ತಾರೆ.

ಬೇಕಾದ ಸಾಮಾನು

ಬರ್ನ್ಟ್ ಅಂಬರ್, ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್, ಕಪ್ಪು, ಬಿಳಿ, ರೆಡ್ ಆಕ್ಸೈಡ್: ಇಷ್ಟು ಅಕ್ರಿಲಿಕ್ ಬಣ್ಣದ ಸಣ್ಣ ಟ್ಯೂಬುಗಳು. ಬರ್ನ್ಟ್ ಸಿಯೆನ್ನಾ ತೈಲವರ್ಣದ ಒಂದು ಟ್ಯೂಬು. ಮ್ಯಾಟ್ ವಾರ್ನಿಷ್, ವಾಸನೆಯಿಲ್ಲದ ಮಿನರಲ್ ಸ್ಪಿರಿಟ್, ಅಗ್ಗದ ಹೇರ್‌ಸ್ಪ್ರೇ. ದುಬಾರಿ ಹೇರ್‌ಸ್ಪ್ರೇ ಬೇಡ. ಕೂದಲಿಗೆ ಒಳ್ಳೆಯದೆಂದು ಎಣ್ಣೆಯಂಶ ಸೇರಿಸಿದ್ದರೆ ಮೇಲಿನ ಬಣ್ಣ ಕೂರುವುದಿಲ್ಲ.

'ತುಕ್ಕಿನ ಬಣ್ಣ' ಎಂದು ಚೀಟಿ ಅಂಟಿಸಿ ಮಾರುವ ಒಂದೇ ಬಾಟಲಿಯ ಸರಕು ಕೊಳ್ಳಬೇಡಿ. ಒಂದು ಬಾಟಲಿಯಿಂದ ಒಂದೇ ಬಣ್ಣ ಬರುತ್ತದೆ, ತುಕ್ಕಿಗೆ ಕಡಿಮೆಯೆಂದರೂ ಮೂರು ಬೇಕು. ಕೊನೆಯಲ್ಲಿ ಮೂಲೆಗಳಿಗೆ ಒತ್ತುವ ತುಕ್ಕಿನ ಪುಡಿಗೆ ಹಳೇ ಮನೆಗಳ ನೆಲಕ್ಕೆ ಹಾಕುತ್ತಿದ್ದ ರೆಡ್ ಆಕ್ಸೈಡ್ ಸಾಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಅದೂ ಕಬ್ಬಿಣದ ಆಕ್ಸೈಡೇ, ತುಕ್ಕಿನ ಹತ್ತಿರದ ನೆಂಟ. ತೆಳು ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿ, ಕಾಲು ಭಾಗ ಇದ್ದಿಲ ಪುಡಿ ಬೆರೆಸಿ. ಹಾಗೇ ಹಾಕಿದರೆ ಕಣ್ಣಿಗೆ ಹೊಡೆಯುವಷ್ಟು ಕೆಂಪು.

ಉಕ್ಕಿನ ನಾರನ್ನು ವಿನೆಗರ್‌ನಲ್ಲಿ ನೆನೆಸಿ ನಿಜವಾದ ತುಕ್ಕು ಪುಡಿ ಮಾಡುವ ಅಡ್ಡದಾರಿ ಒಂದಿದೆ. ಬಣ್ಣ ಸೊಗಸಾಗಿ ಬರುತ್ತದೆ. ಆದರೆ ಕರಗದೆ ಉಳಿದ ಉಕ್ಕಿನ ಎಳೆಗಳನ್ನು ಎಂಜಿನ್ ಮೋಟರಿನ ಅಯಸ್ಕಾಂತ ಒಳಕ್ಕೆ ಎಳೆದುಕೊಳ್ಳುತ್ತದೆ, ಮೋಟರ್ ಹಾಳು. ಓಡುವ ರೈಲಿನ ಹತ್ತಿರಕ್ಕೂ ಅದನ್ನು ತರಬೇಡಿ.

ತೊಳೆದು ತಳಬಣ್ಣ

ಚಕ್ರ ಬಿಚ್ಚಿ, ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆದು ಒಣಗಿಸಿ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬಾರದು. ಬೂದು ಪ್ರೈಮರ್ ಒಂದು ತೆಳು ಪದರ. ಪ್ರೈಮರ್ ತೆಳುಗೊಳಿಸಲು ಬಡಗಿಗಳು ಬಳಸುವ ಎನ್‌ಸಿ ಥಿನ್ನರ್ ಹಾಕಿದರೆ ಪ್ಲಾಸ್ಟಿಕ್ ಕರಗುತ್ತದೆ.

ಪ್ರೈಮರ್ ಮೇಲೆ ತುಕ್ಕಿನ ಮೂರು ಪದರ. ಬರ್ನ್ಟ್ ಅಂಬರ್ ಮೂರು ಭಾಗಕ್ಕೆ ಕಪ್ಪು ಒಂದು ಭಾಗ ಸೇರಿಸಿ ಪೂರ್ತಿ ಬಳಿಯಿರಿ. ಒಣಗಿದ ಮೇಲೆ ಹರಿದ ಸ್ಪಂಜಿನ ಚೂರಿನಿಂದ ಬರ್ನ್ಟ್ ಸಿಯೆನ್ನಾ ಒತ್ತಿ, ಅರ್ಧ ಭಾಗ ಮುಚ್ಚಿದರೆ ಸಾಕು. ಆಮೇಲೆ ಸಿಯೆನ್ನಾ ಎರಡು, ಓಕರ್ ಒಂದು ಸೇರಿಸಿ ಅಲ್ಲಲ್ಲಿ ಮಾತ್ರ. ತಿಳಿಬಣ್ಣ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿರಕೂಡದು.

ಈಗ ಮ್ಯಾಟ್ ವಾರ್ನಿಷ್ ಹೊಡೆದು ಒಂದು ರಾತ್ರಿ ಬಿಡಿ. ಇದನ್ನು ಬಿಟ್ಟವರು ಮುಂದಿನ ಹಂತದಲ್ಲಿ ತುಕ್ಕನ್ನೂ ಕೆರೆದು ಬೂದು ಪ್ರೈಮರ್ ತೋರಿಸಿಕೊಳ್ಳುತ್ತಾರೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಸ್ಪ್ರೇ ವಾರ್ನಿಷ್ ಹೊಡೆಯಬೇಡಿ, ತೇವಕ್ಕೆ ಹಾಲುಬಣ್ಣ ಕಟ್ಟುತ್ತದೆ. ಬಿಸಿಲು ಬಂದ ದಿನ, ಮಧ್ಯಾಹ್ನ, ಕಿಟಕಿ ತೆರೆದು, ಮಾಸ್ಕ್ ಹಾಕಿ.

ಬಣ್ಣ ಕಿತ್ತುಬರುವಂತೆ ಮಾಡುವುದು

ಎಲ್ಲರೂ ಎಡವುವುದು ಇಲ್ಲಿ. ತುಕ್ಕಿಗೂ ಅದರ ಮೇಲೆ ಬಳಿಯುವ ವ್ಯಾಗನ್ ಬಣ್ಣಕ್ಕೂ, ಅಂದರೆ ಮೇಲ್ಬಣ್ಣಕ್ಕೂ, ನಡುವೆ ಹೇರ್‌ಸ್ಪ್ರೇ ಇರುತ್ತದೆ. ನೀರು ತಾಗಿದರೆ ಅದು ಮೆತ್ತಗಾಗಿ ಮೇಲ್ಬಣ್ಣವನ್ನು ಬಿಟ್ಟುಕೊಡುತ್ತದೆ. ಹಾಗಾಗಿ ಮೇಲ್ಬಣ್ಣ ನೀರಿನಲ್ಲಿ ಕಲಸಿದ ಅಕ್ರಿಲಿಕ್ಕೇ ಆಗಿರಬೇಕು. ಎನಾಮಲ್ ಬಳಿದರೆ ಅದರ ಮೂಲಕ ನೀರು ಇಳಿಯುವುದಿಲ್ಲ, ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ.

ಹೇರ್‌ಸ್ಪ್ರೇಯನ್ನು ಒಂದಡಿ ದೂರದಿಂದ, ಕೈ ನಿಲ್ಲಿಸದೆ, ಎರಡು ತೆಳು ಪದರ ಹೊಡೆಯಿರಿ. ನಡುವೆ ಹದಿನೈದು ನಿಮಿಷ ಬಿಡಿ. ಮೈ ಒದ್ದೆಯಾಗಿ ಹೊಳೆದು ಹನಿಗಟ್ಟಿತು ಎಂದರೆ ಹೆಚ್ಚಾಯಿತು, ಬಣ್ಣ ಆಮೇಲೆ ಹಾಳೆಹಾಳೆಯಾಗಿ ಏಳುತ್ತದೆ. ಆಗ ಪೂರ್ತಿ ತೊಳೆದು ಮತ್ತೆ ಹೊಡೆಯುವುದೇ ದಾರಿ.

ಮೇಲ್ಬಣ್ಣಕ್ಕೆ ರೆಡ್ ಆಕ್ಸೈಡ್ ನಾಲ್ಕು ಭಾಗ, ಬರ್ನ್ಟ್ ಅಂಬರ್ ಒಂದು ಭಾಗ, ಬೆಂಕಿಕಡ್ಡಿಯ ತುದಿಯಷ್ಟು ಬಿಳಿ. ನಮ್ಮ ವ್ಯಾಗನ್‌ಗಳ ಕೆಂಗಂದು ತುಕ್ಕಿನ ಬಣ್ಣಕ್ಕೇ ಹತ್ತಿರ. ಆ ಬಿಳಿ ಹಾಕದಿದ್ದರೆ ಬಣ್ಣ ಕಿತ್ತದ್ದೇ ಕಾಣುವುದಿಲ್ಲ. ಬಿಸಿಲಿಗೆ ಮಾಸಿದ ಬಣ್ಣ ಕೊಂಚ ಬೆಳ್ಳಗಿದ್ದರೇನೇ ಕೆಳಗಿನ ಕಪ್ಪು ಎದ್ದು ಕಾಣುವುದು. ಏರ್‌ಬ್ರಷ್ ಇದ್ದರೆ ಒಳ್ಳೆಯದು. ಇಲ್ಲದವರು ಅಗಲವಾದ ಮೆತ್ತನೆಯ ಕುಂಚದಲ್ಲಿ ಮೇಲಿಂದ ಕೆಳಕ್ಕೆ ಒಂದೇ ಎಳೆತ. ಎಳೆದ ಜಾಗಕ್ಕೆ ಮತ್ತೆ ಕುಂಚ ಒಯ್ದರೆ ಬಣ್ಣದಲ್ಲಿನ ನೀರೇ ಹೇರ್‌ಸ್ಪ್ರೇಯನ್ನು ಕರಗಿಸಿ ರಾಡಿ ಮಾಡುತ್ತದೆ. ಕೆಳಗಿನ ಕಪ್ಪು ಅಲ್ಪಸ್ವಲ್ಪ ಇಣುಕಿದರೆ ಇಣುಕಲಿ, ದಪ್ಪ ಮಾಡಬೇಡಿ.

ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ, ಒಂದೆರಡು ಗಂಟೆಯ ಒಳಗೇ ಕೀಳಲು ಕೂರಬೇಕು. ನಾಳೆ ನೋಡೋಣ ಎಂದು ಬಿಟ್ಟರೆ ಅಕ್ರಿಲಿಕ್ ಗಟ್ಟಿಯಾಗಿ ಮೊಂಡು ಹಿಡಿಯುತ್ತದೆ.

ನಾಲ್ಕನೇ ನಂಬರಿನ ಬಿರುಸು ಕುಂಚವೊಂದರ ಕೂದಲನ್ನು ಅರ್ಧ ಸೆಂ.ಮೀ.ಗೆ ಕತ್ತರಿಸಿ. ವ್ಯಾಗನ್ ಬದಿಯ ಎರಡು ಕಂಬದ ನಡುವಿನ ಒಂದೇ ಫಲಕಕ್ಕೆ ಉಗುರುಬೆಚ್ಚಗಿನ ನೀರು ಸವರಿ ಒಂದು ನಿಮಿಷ ಸುಮ್ಮನಿರಿ. ಈ ಒಂದು ನಿಮಿಷ ಕಾಯದವರೇ ಆಮೇಲೆ ಉಜ್ಜಿ ಉಜ್ಜಿ ಕೆಡಿಸುವುದು. ನೀರು ಒಳಗಿಳಿದಾಗ ಬಣ್ಣ ಅಲ್ಲಲ್ಲಿ ಸುಕ್ಕಾದಂತೆ ಕಾಣುತ್ತದೆ. ಆಗ ಕುಂಚವನ್ನು ನೇರ ಹಿಡಿದು ಮೆಲ್ಲಗೆ ಕುಟ್ಟಿ, ಸಣ್ಣ ಚಕ್ಕೆಗಳು ಏಳುತ್ತವೆ. ಮೊದಲು ಕೆಳಗಿನ ಬಾಗಿಲುಗಳ ಅಂಚು, ಆಮೇಲೆ ವೆಲ್ಡಿಂಗ್ ಗೆರೆ, ಕೊನೆಗೆ ಮೇಲಂಚಿನ ಪಟ್ಟಿ. ಫಲಕದ ನಟ್ಟನಡುವೆ ಕೈ ಹಾಕಬೇಡಿ. ನೀರು ನಿಲ್ಲದ ಜಾಗ ಅದು. ಒಳಮೈಯಲ್ಲಿ ಮಾತ್ರ ಧಾರಾಳವಾಗಿ ಕೀಳಬಹುದು. ಕಲ್ಲಿದ್ದಲು ತುಂಬಿ ಸುರಿದು ಅಲ್ಲಿ ಬಣ್ಣವೇ ಉಳಿದಿರುವುದಿಲ್ಲ.

ಅಳತೆ ಮರೆಯಬೇಡಿ. ಎಚ್‌ಒ ಎಂಬ ಅಳತೆಯ ಮಾದರಿ 1:87, ಅಂದರೆ ನಿಜದ ಎಂಬತ್ತೇಳರಲ್ಲಿ ಒಂದು ಪಾಲು. ನಿಮ್ಮ ಕುಂಚ ಕಿತ್ತ 1 ಮಿ.ಮೀ. ಚಕ್ಕೆ ನಿಜವಾದ ವ್ಯಾಗನ್ ಮೇಲೆ 8.7 ಸೆಂ.ಮೀ., ಅಂದರೆ ಅಂಗೈ ಅಗಲ. ಎರಡೂವರೆ ಮಿ.ಮೀ. ಆದರೆ ಒಂದು ಗೇಣು. ಅಂಗೈ ಅಗಲದ್ದು ಹೆಚ್ಚಿರಲಿ, ಗೇಣಗಲದ್ದು ಫಲಕಕ್ಕೆ ಒಂದೋ ಎರಡೋ ಸಾಕು. ಇನ್ನೂ ಸಣ್ಣ ಗೀರುಗಳಿಗೆ ಹಲ್ಲುಕಡ್ಡಿಯ ತುದಿ ಸಾಕು.

ಇನ್ನು ಸ್ವಲ್ಪ ಕಿತ್ತರೆ ಚೆನ್ನ ಅನ್ನಿಸಿದಾಗಲೇ ನಿಲ್ಲಿಸಿ. ಒದ್ದೆ ಮೈಯಲ್ಲಿ ಚಕ್ಕೆಗಳು ಇರುವುದಕ್ಕಿಂತ ಕಡಿಮೆ ಕಾಣುತ್ತವೆ, ಒಣಗಿದಾಗ ಹೆಚ್ಚು. ಕೊನೆಗೆ ಚೊಕ್ಕ ನೀರು ಹರಿಸಿ ಉಳಿದ ಹೇರ್‌ಸ್ಪ್ರೇ ತೊಳೆದು, ಒರೆಸದೆ ಒಣಗಿಸಿ. ಇದಿಷ್ಟನ್ನೂ ಮೊದಲು ಪ್ಲಾಸ್ಟಿಕ್ ಚಮಚದ ಬೆನ್ನ ಮೇಲೆ ಮಾಡಿ ನೋಡಿ, ಮೂರು ಚಮಚ ಕೆಟ್ಟರೂ ಪರವಾಗಿಲ್ಲ.

ಹೇರ್‌ಸ್ಪ್ರೇ ಬದಲು ಉಪ್ಪಿನ ಹರಳು ಅಂಟಿಸಿ ಕೀಳುವವರೂ ಇದ್ದಾರೆ. ದೊಡ್ಡ ಅಳತೆಯ ಮಾದರಿಗೆ ಆದೀತು. ಎಚ್‌ಒಗೆ ಹರಳು ತೀರಾ ದಪ್ಪ, ಸರಿಯಾಗಿ ತೊಳೆಯದಿದ್ದರೆ ವಾರ್ನಿಷ್ ಕೆಳಗೆ ಬೆಳ್ಳಗೆ ಕಲೆ ಬಿಡುತ್ತದೆ.

ಇಳಿದ ಗೆರೆ

ಮತ್ತೊಂದು ಪದರ ವಾರ್ನಿಷ್, ಮತ್ತೊಂದು ರಾತ್ರಿ. ಬರ್ನ್ಟ್ ಸಿಯೆನ್ನಾ ತೈಲವರ್ಣವನ್ನು ರಟ್ಟಿನ ಮೇಲೆ ಹಿಂಡಿ ಅರ್ಧ ಗಂಟೆ ಬಿಡಿ, ರಟ್ಟು ಎಣ್ಣೆ ಹೀರಿಕೊಂಡರೆ ಬಣ್ಣ ಹೊಳೆಯುವುದಿಲ್ಲ. ಕಿತ್ತ ಚಕ್ಕೆಯ ಕೆಳ ಅಂಚಿನಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಚುಕ್ಕೆ ಇಡಿ. ಚಪ್ಪಟೆ ಕುಂಚವನ್ನು ಮಿನರಲ್ ಸ್ಪಿರಿಟ್‌ನಲ್ಲಿ ಅದ್ದಿ, ಬಟ್ಟೆಗೆ ಒತ್ತಿ, ಒದ್ದೆ ಇದೆಯೋ ಇಲ್ಲವೋ ಎಂಬಷ್ಟಾದಾಗ ಚುಕ್ಕೆಯಿಂದ ಕೆಳಕ್ಕೆ ಎಳೆಯಿರಿ. ಗೆರೆ ತುದಿಯಲ್ಲಿ ಮಾಯವಾಗುವವರೆಗೆ ನಾಲ್ಕೈದು ಸಲ. ಹೆಚ್ಚಾದರೆ ಚೊಕ್ಕ ಕುಂಚದಿಂದ ಒರೆಸಿಬಿಡಬಹುದು, ತೈಲವರ್ಣದ ಅನುಕೂಲವೇ ಅದು. ಅಕ್ರಿಲಿಕ್‌ನಲ್ಲಿ ಈ ಗೆರೆ ಎಳೆಯಲು ಹೋಗಬೇಡಿ.

ವ್ಯಾಗನ್ ಸಂಖ್ಯೆ ಮತ್ತು ರಿಪೇರಿ ದಿನಾಂಕ ಬರೆದ ಚೌಕದ ಮೇಲೆ ಗೆರೆ ಇಳಿಸಬಾರದು. ಕಾರ್ಯಾಗಾರಕ್ಕೆ ಹೋಗಿಬಂದಾಗ ಅಷ್ಟು ಜಾಗಕ್ಕೆ ಹೊಸ ಬಣ್ಣ ಬಳಿದು ಬರೆದಿರುತ್ತಾರೆ. ತುಕ್ಕು ಹಿಡಿದ ಮೈ ಮೇಲೆ ಆ ಒಂದು ಚೌಕ ಮಾತ್ರ ಹೊಸದಾಗಿ ಉಳಿದರೆ ಇಡೀ ವ್ಯಾಗನ್ ನಂಬುವಂತಾಗುತ್ತದೆ.

ಪುಡಿ, ಚಕ್ರ, ಕೊಂಡಿ

ಮೂರು ದಿನ ಬಿಟ್ಟು ಕೊನೆಯ ಮ್ಯಾಟ್ ವಾರ್ನಿಷ್. ಅದಾದ ಮೇಲೆಯೇ ಪುಡಿ. ಮೊದಲು ಪುಡಿ ಹಾಕಿ ಆಮೇಲೆ ವಾರ್ನಿಷ್ ಹೊಡೆದರೆ ಪುಡಿ ಅರ್ಧಕ್ಕರ್ಧ ಮಾಯವಾಗುತ್ತದೆ. ಒಳನೆಲದ ಮೂಲೆಗಳಿಗೆ ಒಣ ಕುಂಚದಿಂದ ಒತ್ತಿ, ಐಸೊಪ್ರೊಪೈಲ್ ಆಲ್ಕೋಹಾಲಿನ ಒಂದೊಂದು ಹನಿ ಬಿಟ್ಟರೆ ಕೂತುಕೊಳ್ಳುತ್ತದೆ.

ಚಕ್ರದ ಬದಿಗಳಿಗೆ ಅಂಬರ್ ಮತ್ತು ಕಪ್ಪು ಬಳಿಯಿರಿ. ಹಳಿ ಮೇಲೆ ಉರುಳುವ ಸುತ್ತು ಉಕ್ಕಿನ ಹೊಳಪಿನಲ್ಲೇ ಇರಲಿ, ಅಚ್ಚಿನ ಚೂಪು ತುದಿಗೂ ಬಣ್ಣ ತಾಗಬಾರದು. ಕೊಂಡಿಗೆ ಬಣ್ಣವೇ ಬೇಡ, ಚಿಟಿಕೆ ಪುಡಿ ಸವರಿದರೆ ಆಯಿತು. ಆಮೇಲೆ ಇನ್ನೊಂದು ವ್ಯಾಗನ್‌ಗೆ ಜೋಡಿಸಿ ಬಿಡಿಸಿ ನೋಡಿ. ಕೊಂಡಿ ಬಿಗಿಯೆನಿಸಿದರೆ ಪುಡಿ ಒಳಗೆ ಸೇರಿದೆ. ಒಣ ಕುಂಚದಲ್ಲಿ ಗುಡಿಸಿ ತೆಗೆಯಿರಿ. ಎಣ್ಣೆ ಬಿಡಬೇಡಿ, ಎಣ್ಣೆಯೂ ಪುಡಿಯೂ ಸೇರಿದರೆ ಕೊಂಡಿ ಕಚ್ಚಿಕೊಂಡುಬಿಡುತ್ತದೆ.