ನರ್ಸಿಂಗ್ ಸೀಟಿಗೆ ಕಾಯುವುದು ತಪ್ಪಿದ್ದು ಹೀಗೆ

ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ನಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು ಕೈತಪ್ಪಲು ರ‍್ಯಾಂಕ್ ಒಂದೇ ಕಾರಣವಲ್ಲ. ಆದ್ಯತಾ ಪಟ್ಟಿಯಲ್ಲಿ ನಾಲ್ಕೈದೇ ಕಾಲೇಜು ನಮೂದಿಸಿ ಕೂತದ್ದೂ ಕಾರಣ. ನಾನು ಹೋಗಲು ಒಪ್ಪುವ ಕಾಲೇಜುಗಳನ್ನೆಲ್ಲ ಸೇರಿಸಿ, ಇಷ್ಟದ ಕ್ರಮದಲ್ಲೇ ಜೋಡಿಸಿದೆ. ‘ಸಿಗುವಂಥದ್ದು ಮೇಲಿರಲಿ’ ಎಂಬ ಸಲಹೆ ಕೇಳಲೇಬೇಡಿ: ಮೇಲಿನದು ಸಿಕ್ಕರೆ ಕೆಳಗಿನದನ್ನು ಸಾಫ್ಟ್‌ವೇರ್ ನೋಡುವುದೇ ಇಲ್ಲ. ನಿಜವಾದ ಹಂಚಿಕೆಗೆ ಮುನ್ನ ಬರುವ ಅಣಕು ಹಂಚಿಕೆ (ಮಾಕ್ ಅಲಾಟ್‌ಮೆಂಟ್) ಬರೀ ಸೂಚನೆ. ಅದನ್ನು ನೋಡಿ ಕ್ರಮ ತಿದ್ದಬಹುದು.

ಸೀಟು ಹಂಚಿಕೆಯಾದ ಮೇಲೆ ಏನು ಮಾಡುತ್ತೀರಿ ಎಂದು ‘ಚಾಯ್ಸ್’ ಆರಿಸಬೇಕು. ಸಿಕ್ಕಿದ್ದಕ್ಕಿಂತ ಒಳ್ಳೆಯದು ಬೇಕಿದ್ದರೆ ಚಾಯ್ಸ್ 2. ಸೀಟು ಉಳಿಯುತ್ತದೆ, ಮೇಲಿನ ಆಪ್ಷನ್‌ಗಳಷ್ಟೇ ಮುಂದಿನ ಸುತ್ತಿಗೆ ಹೋಗುತ್ತವೆ. ಮೇಲಿನದು ಬಂದರೆ ಹಳೆಯದು ತಾನಾಗಿಯೇ ರದ್ದು. ಚಾಯ್ಸ್ 3 (ಸಿಕ್ಕ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು) ಒತ್ತಿದರೆ ಕೈಯಲ್ಲಿದ್ದದ್ದೂ ಹೋಯಿತು. ಇಲ್ಲೇ ಹೆಚ್ಚಿನವರು ಎಡವುವುದು.

ಜೊತೆಗೆ ಜಿಎನ್‌ಎಂಗೂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ) ಅರ್ಜಿ ಹಾಕಿಡಿ: 3 ವರ್ಷದ ಕೋರ್ಸ್, ಆಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿಗೆ (ಜಿಎನ್‌ಎಂ ಮುಗಿಸಿದವರ ನರ್ಸಿಂಗ್ ಪದವಿ) ದಾರಿಯಿದೆ.