ಮೊದಲು ಕಲ್ಲು, ಆಮೇಲೆ ಫಲಕ: ಕಲಬುರಗಿ ವಸ್ತುಸಂಗ್ರಹಾಲಯದಲ್ಲಿ ನನ್ನ ಅನುಭವ

ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಕಲ್ಲುಗಳಿಂದ ಊರಿನ ಚರಿತ್ರೆ ಕಟ್ಟಲಾಗದು, ಫಾರಸಿ ಬಾರದವರಿಗಂತೂ ಅದು ಆಗದ ಮಾತು ಎಂದವರೇ ಹೆಚ್ಚು. ಈಗ ಶಾಸನಗಳು ಊರ ನಕ್ಷೆಯ ಮೇಲೆ ವರ್ಷದ ಪ್ರಕಾರ ಕೂತಿವೆ.

ಕಲ್ಲಿನ ಬಳಿಯ ಫಲಕದಲ್ಲಿ ಸಿಕ್ಕ ಊರಿಲ್ಲದೆ ಬರೀ ಜಿಲ್ಲೆಯ ಹೆಸರಿದ್ದರೆ ಕಲ್ಲನ್ನೇ ಕೇಳಬೇಕು. ತಿಳಿ ಬೂದು ಸುಣ್ಣಕಲ್ಲಾದರೆ ಭೀಮಾ ತೀರದ ಕಡೆಯದು. ಸನ್ನತಿ, ಕನಗನಹಳ್ಳಿಯ ಬೌದ್ಧ ಶಿಲ್ಪಗಳೆಲ್ಲ ಅದರಲ್ಲೇ ಆದವು. ಕರಿಕಲ್ಲಾದರೆ (ಬಸಾಲ್ಟ್) ಕಲಬುರಗಿಯ ನೆಲದ್ದೇ. ಆ ಸುಣ್ಣಕಲ್ಲನ್ನು, ಅಂದರೆ ಶಹಾಬಾದಿ ಕಲ್ಲನ್ನು, ಬಂಡಿಯಲ್ಲಿ ಊರಿಗೆ ತರುತ್ತಿದ್ದುದರಿಂದ ಇದೊಂದನ್ನೇ ನಂಬಬಾರದು, ಲಿಪಿಯನ್ನೂ ಕೂಡಿಸಿ ನೋಡಬೇಕು. ಆಮ್ಲದ ಹನಿಗೆ ಸುಣ್ಣಕಲ್ಲು ಬಿಡುವ ನೊರೆ ನೋಡುವ ಪರೀಕ್ಷೆಯನ್ನು ಮನೆಯ ನೆಲಹಾಸಿನ ಕಲ್ಲಿನ ಚೂರಿನ ಮೇಲೆ ಮಾಡಿ ಕಣ್ಣು ಪಳಗಿಸಿಕೊಳ್ಳಿ, ಸಂಗ್ರಹದ ಕಲ್ಲಿಗೆ ಮಾತ್ರ ಮುಟ್ಟಿಸಬೇಡಿ. ಕರಿಕಲ್ಲಿನ ಬಿಳಿ ಚುಕ್ಕೆಗಳೂ ಕೆಲವೊಮ್ಮೆ ನೊರೆ ಬಿಡುತ್ತವೆ.

ಹಣ ಹೋದದ್ದೆಲ್ಲ ಬೆಳಕಿನ ಮೇಲೆ. ಫ್ಲ್ಯಾಶ್ ಹಾಕಿದರೆ ಅಕ್ಷರ ಕಲ್ಲಿನ ಮೈಯಲ್ಲೇ ಕರಗುತ್ತದೆ. ಅಂಥ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಸಾವಿರದ ಆಸುಪಾಸು ನೀರಿಗೆ ಹೋಯಿತು. ಕೆಲಸಕ್ಕೆ ಬಂದದ್ದು ಮುನ್ನೂರು ನಾನೂರರ ಎಲ್‌ಇಡಿ ಟಾರ್ಚ್, ಕಪ್ಪು ಬಟ್ಟೆ, ಹಳೆಯ ಟ್ರೈಪಾಡ್. ಟ್ರೈಪಾಡ್‌ಗೆ ಮೊದಲೇ ಲಿಖಿತ ಅನುಮತಿ ತೆಗೆದುಕೊಳ್ಳಿ. ಟಾರ್ಚನ್ನು ಕಲ್ಲಿನ ಮೈಗೆ ಹತ್ತು ಹದಿನೈದು ಡಿಗ್ರಿ ಓರೆಯಾಗಿ, ಎರಡು ಅಡಿ ದೂರದಲ್ಲಿ ಹಿಡಿಯಬೇಕು. ಕನ್ನಡ ಶಾಸನದ ಅಕ್ಷರ ಸಾಮಾನ್ಯವಾಗಿ ಕೊರೆದದ್ದು, ಎಡ ಮೇಲಿನಿಂದ ಬಂದ ಒಂದು ಬೆಳಕು ಸಾಕು. ಫಾರಸಿಯದು ಬಹುಪಾಲು ಉಬ್ಬು ಅಕ್ಷರ, ಒಂದರ ಮೇಲೊಂದು ಹೆಣೆದಿರುತ್ತದೆ. ಮೇಲಿನದರ ನೆರಳು ಕೆಳಗಿನದನ್ನು ನುಂಗುತ್ತದೆ. ಕ್ಯಾಮೆರಾ ಕದಲಿಸದೆ ನಾಲ್ಕು ದಿಕ್ಕಿನಿಂದ ನಾಲ್ಕು ಚಿತ್ರ ತೆಗೆಯಿರಿ. ಅವನ್ನು ಒಂದಾಗಿಸುವ ಕ್ರಮ ನನ್ನಲ್ಲೇ ಇರಲಿ. ಸೀಮೆಸುಣ್ಣ, ಹಿಟ್ಟು ಬಳಿಯುವವರನ್ನು ಕಂಡರೆ ತಡೆಯಿರಿ, ಸುಣ್ಣಕಲ್ಲಿನ ರಂಧ್ರಕ್ಕೆ ಇಳಿದದ್ದು ಮತ್ತೆ ಬಿಡುವುದಿಲ್ಲ.

ವರ್ಷ ಅಂಕಿಯಲ್ಲಿದ್ದರೆ ಅದಕ್ಕೆ ಭಾಷೆ ಬೇಕಿಲ್ಲ. ಹಿಜರಿಯನ್ನು, ಅಂದರೆ ಇಸ್ಲಾಮಿ ವರ್ಷವನ್ನು, 0.97ರಿಂದ ಗುಣಿಸಿ 622 ಕೂಡಿಸಿದರೆ ಒಂದು ವರ್ಷದ ಆಚೀಚೆ ಕ್ರಿಸ್ತಶಕ ಸಿಗುತ್ತದೆ. ಕೋಟೆಯ ಜಾಮಿ ಮಸೀದಿಯ 769 ಅಂದರೆ 1367. 825 ಬಂದರೆ 1422, ಬಹಮನಿ ಸುಲ್ತಾನ ಫಿರೋಜ್ ಶಾಹ ಮತ್ತು ಸೂಫಿ ಸಂತ ಬಂದೇ ನವಾಜ್ ಇಬ್ಬರೂ ತೀರಿಕೊಂಡ ವರ್ಷ. ಶಕಕ್ಕೆ 78 ಕೂಡಿಸಿ. ಅಂಕಿ ಅಳಿಸಿದ್ದರೂ ಸಂವತ್ಸರದ ಹೆಸರು ಉಳಿದಿದ್ದರೆ 60 ವರ್ಷಕ್ಕೊಂದೇ ಆಯ್ಕೆ, ಲಿಪಿ ನೋಡಿ ತೀರ್ಮಾನಿಸಬಹುದು. ನಿಜಾಮರ ಕಂದಾಯ ವರ್ಷವಾದ ಫಸಲಿಗೆ 590 ಕೂಡಿಸಿ.

ಫಾರಸಿ ಪದ್ಯದ ಅಕ್ಷರಗಳಿಗೆ ಬೆಲೆ ಕಟ್ಟಿ ವರ್ಷ ಅಡಗಿಸುವ ಅಬ್ಜದ್ ಲೆಕ್ಕವನ್ನೂ ಜೊತೆಗೆ ಪ್ರಯತ್ನಿಸಿದೆ. ಜೀಮ್, ಹೇ, ಖೇ ಎಂಬ ಮೂರು ಅಕ್ಷರಗಳ ಆಕಾರ ಒಂದೇ, ಬೇರೆಯಾಗುವುದು ಚುಕ್ಕೆಯಿಂದ. ಬೆಲೆ 3, 8, 600. ಒಂದು ಚುಕ್ಕೆ ಸವೆದರೆ ಶತಮಾನಗಳೇ ಏರುಪೇರು. ಆದ್ದರಿಂದ ಪದ್ಯದ ವರ್ಷವನ್ನು ಅಂಕಿಯ ಆಧಾರವಿಲ್ಲದೆ ನಕ್ಷೆಗೆ ಏರಿಸಿಲ್ಲ.

ಬೀದರಿನಲ್ಲೂ ಇದೇ ಟಾರ್ಚ್ ನಡೆಯಿತು. ಅಲ್ಲಿ ಗೋಡೆ ಜಂಬಿಟ್ಟಿಗೆಯದು, ತೂತು ತೂತು, ಅಕ್ಷರ ನಿಲ್ಲದು. ಅದಕ್ಕೇ ಶಾಸನ ಕೊರೆದ ಕರಿಕಲ್ಲಿನ ಹಲಗೆಯನ್ನು ಗೋಡೆಯಲ್ಲಿ ಕೂರಿಸುತ್ತಿದ್ದರು. ಗೋಡೆ ಬಿದ್ದಾಗ ಆ ಹಲಗೆ ಬೇರೆಡೆಗೆ ಸಾಗಿರುವ ಸಾಧ್ಯತೆ ಹೆಚ್ಚು. ಹಲಗೆಯ ಅಂಚಿನಲ್ಲಿ ಅಂಟಿರುವ ಗಾರೆಯನ್ನು ಒರೆಸದೆ ಮೊದಲು ಅದರದೇ ಒಂದು ಚಿತ್ರ ತೆಗೆದುಕೊಳ್ಳಿ.