ಹಾರ್ಡ್ ಡಿಸ್ಕ್ ಕೈಕೊಟ್ಟರೂ ಹಾಡು ಉಳಿಯಬೇಕೇ? ಹೀಗೆ ಮಾಡಿ

ಹಾರ್ಡ್ ಡಿಸ್ಕ್ ಒಂದಲ್ಲ ಒಂದು ದಿನ ಕೈಕೊಡುತ್ತೆ. ಅದನ್ನು ಒಪ್ಪಿಕೊಂಡೇ ಕೆಲಸ ಶುರು ಮಾಡಿ.

ಮೊದಲು ವಿಂಗಡಿಸಿ. ಸಿನಿಮಾ ಹಾಡು ಹೋದರೆ ಯಾವುದೋ ಆ್ಯಪ್‌ನಲ್ಲಿ ಮತ್ತೆ ಸಿಗುತ್ತೆ. ಆದರೆ ಅಜ್ಜಿ ಹೇಳುತ್ತಿದ್ದ ಹಸೆ ಹಾಡು, ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಯಲ್ಲಿ ಅಪ್ಪ ತೊಡೆ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಹಿಡಿದ ಮೃದಂಗದವರ ತನಿ ಆವರ್ತನ, ಅದರೊಳಗೆ ಪಕ್ಕದವರು ತಾಳ ಹಾಕುವ ಸದ್ದು, ಇವೆಲ್ಲ ಇನ್ನೆಲ್ಲಿ ಸಿಗಬೇಕು? ಇಂಥವನ್ನು ಒಂದೇ ಫೋಲ್ಡರ್‌ಗೆ ಹಾಕಿ. ಪುರುಸೊತ್ತಿಲ್ಲದಿದ್ದರೆ ಇವತ್ತು ಇದೊಂದನ್ನೇ ಕಾಪಿ ಮಾಡಿ. ಕ್ಯಾಸೆಟ್‌ನಿಂದ ಇಳಿಸುವಾಗ ಎಂಪಿ3 ಬೇಡ, ಫ್ಲ್ಯಾಕ್ (FLAC) ಅನ್ನುವ ಫೈಲ್ ರೂಪದಲ್ಲಿಡಿ. ಸದ್ದಿನ ಗುಣಮಟ್ಟ ಚೂರೂ ಕೆಡದೆ ಫೈಲ್ ಚಿಕ್ಕದಾಗುತ್ತೆ. ಇಳಿಸಿಯಾಯ್ತು ಅಂತ ಕ್ಯಾಸೆಟ್ ಗುಜರಿಗೆ ಹಾಕಬೇಡಿ.

ಆಮೇಲೆ 3-2-1 ಲೆಕ್ಕ. ಒಟ್ಟು 3 ಪ್ರತಿ, 2 ಥರದ ಸಾಧನ, 1 ಪ್ರತಿ ಮನೆಯಿಂದಾಚೆ. ಒಂದು ಸಿ.ಡಿ. ಫ್ಲ್ಯಾಕ್ ಆದಾಗ ಸುಮಾರು 300ರಿಂದ 400 ಎಂಬಿ. ಹಾಗಾಗಿ 1 ಟಿಬಿ ಡಿಸ್ಕ್ ಬಹುತೇಕ ಮನೆಗಳಿಗೆ ಧಾರಾಳ. ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಕೊಳ್ಳುವುದಾದರೆ ಸೀಲ್ ಇರುವ ಡಬ್ಬಿ ಕೇಳಿ, ಬಿಲ್ ತಗೊಳ್ಳಿ, ಸೀರಿಯಲ್ ನಂಬರ್ ಹಾಕಿ ಕಂಪನಿ ವೆಬ್‌ಸೈಟ್‌ನಲ್ಲಿ ವಾರಂಟಿ ನೋಡಿಕೊಳ್ಳಿ. ವಾರಂಟಿಯಲ್ಲಿ ಬದಲಿ ಡಿಸ್ಕ್ ಬರುತ್ತೆ, ಹಾಡು ಬರಲ್ಲ, ಅದು ನೆನಪಿರಲಿ.

ತುಂಬಾ ಜನ ಇಲ್ಲಿ ಎಡವುತ್ತಾರೆ: ಒಂದೇ ಫೈಲನ್ನು ಎರಡು ಡಿಸ್ಕಿಗೂ ಒಟ್ಟಿಗೇ ಬರೆಯುವ ರೇಡ್ (RAID) ಪೆಟ್ಟಿಗೆ ಇದ್ದರೆ ಬ್ಯಾಕಪ್ ಆದಂತೆ ಅಂದುಕೊಳ್ಳುತ್ತಾರೆ. ಅಲ್ಲ. ಒಂದು ಡಿಸ್ಕ್ ಸತ್ತರೆ ಇನ್ನೊಂದು ಕಾಪಾಡುತ್ತೆ ನಿಜ, ಆದರೆ ನೀವು ಒಂದು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅದೇ ಕ್ಷಣಕ್ಕೆ ಅಳಿಯುತ್ತೆ, ವೈರಸ್ ಬಂದು ಫೈಲ್ ಲಾಕ್ ಮಾಡಿದರೂ ಎರಡರಲ್ಲೂ ಲಾಕ್. ಒಂದು ಫೋಲ್ಡರನ್ನು ಇನ್ನೊಂದರ ಜೊತೆ ಹೋಲಿಸಿ ಕಾಪಿ ಮಾಡುವ ಫ್ರೀಫೈಲ್‌ಸಿಂಕ್‌ನಂಥ ಪ್ರೋಗ್ರಾಮಿನಲ್ಲೂ ಇದೇ ಎಚ್ಚರ ಬೇಕು. ‘ಮಿರರ್’ ಒತ್ತಿದರೆ ಮೂಲದಲ್ಲಿ ಇಲ್ಲದ್ದು ಬ್ಯಾಕಪ್‌ನಿಂದಲೂ ಹೋಗುತ್ತೆ. ‘ಅಪ್‌ಡೇಟ್’ ಆರಿಸಿ, ಜೊತೆಗೆ ಹಳೆಯ ಫೈಲ್‌ಗಳನ್ನು ಬೇರೆ ಫೋಲ್ಡರ್‌ನಲ್ಲಿಡುವ ‘ವರ್ಷನಿಂಗ್’ ಆನ್ ಮಾಡಿ.

ಕಾಪಿ ಮುಗಿದ ಮೇಲೆ ಡಿಸ್ಕ್ ಬಿಚ್ಚಿ ಬೀರುವಿನಲ್ಲಿಡಿ. ಸುಮ್ನೆ ಸಿಕ್ಕಿಸಿಯೇ ಬಿಡಬೇಡಿ. ಏಪ್ರಿಲ್, ಮೇನಲ್ಲಿ ಸಂಜೆ ಗುಡುಗು ಶುರುವಾಗಿ ಕರೆಂಟು ಹೋಗಿ ಬಂದು ಆಡುವಾಗ ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದೆ ಕಾಪಿ ಹಾಕಲೇಬೇಡಿ.

ಪ್ಲೇಲಿಸ್ಟ್ ಮರೆಯಬೇಡಿ. ಎಷ್ಟೋ ಪ್ಲೇಯರ್‌ಗಳು ಅದನ್ನು ಹಾಡಿನ ಫೋಲ್ಡರ್‌ನಲ್ಲಿ ಇಡುವುದೇ ಇಲ್ಲ, ಎಕ್ಸ್‌ಪೋರ್ಟ್ ಮಾಡಿ ಸೇರಿಸಬೇಕು. ಮನೆಯ ರೆಕಾರ್ಡಿಂಗ್‌ಗೆ ಯಾರು ಹಾಡಿದ್ದು, ಯಾವ ರಾಗ, ಯಾವ ವರ್ಷ ಅಂತ ಬರೆದ ಒಂದು ಟೆಕ್ಸ್ಟ್ ಫೈಲ್ ಕೂಡ ಜೊತೆಗಿರಲಿ. ಹೇಳುವವರು ಇರುವಾಗಲೇ ಕೇಳಿ ಬರೆದುಕೊಳ್ಳಿ.

ಬ್ಯಾಕಪ್ ಸರಿಯಿದೆಯಾ ಅಂತ ತೆಗೆದು ನೋಡಬೇಕು. ಫ್ಲ್ಯಾಕ್ ಫೈಲ್ ಒಳಗೆ ಸಾಮಾನ್ಯವಾಗಿ ಸದ್ದು ಕೆಟ್ಟಿದೆಯಾ ಅಂತ ತಾಳೆ ನೋಡುವ ಎಂಡಿ5 (MD5) ಗುರುತು ಇರುತ್ತೆ, ಫ್ಲ್ಯಾಕ್ ಪ್ರೋಗ್ರಾಮಿನಲ್ಲಿ ಟೆಸ್ಟ್ ಮಾಡಿದರೆ ಕೆಟ್ಟ ಫೈಲ್ ಸಿಕ್ಕಿಬೀಳುತ್ತೆ. ಎಂಪಿ3ಯಲ್ಲಿ ಅದಿಲ್ಲ, ಅಲ್ಲೊಂದು ಇಲ್ಲೊಂದು ಹಾಕಿ ಕೊನೆಯವರೆಗೂ ಕೇಳಿ.

ಮೂರನೇ ಪ್ರತಿಗೆ ಕ್ಲೌಡ್ ಒಳ್ಳೆಯದು, ಆದರೆ ಎಲ್ಲ ಫೈಲ್ ಏರಿಸಲು ದಿನಗಟ್ಟಲೆ ಹಿಡಿಯಬಹುದು. ಅದಕ್ಕೇ ಅಪರೂಪದ ಫೋಲ್ಡರ್ ಮಾತ್ರ ಅಲ್ಲಿಗೆ ಕಳಿಸಿ. ಪೂರ್ತಿ ಸಂಗ್ರಹದ ಡಿಸ್ಕ್ ಮಲ್ಲೇಶ್ವರದಲ್ಲೋ ಜಯನಗರದಲ್ಲೋ ಇರುವ ಅಕ್ಕನ ಮನೆಯಲ್ಲಿಡಿ. ಹಬ್ಬಕ್ಕೆ ಹೋದಾಗಲೆಲ್ಲ ಹೊಸದನ್ನು ಕೊಟ್ಟು ಹಳೆಯದನ್ನು ತನ್ನಿ.